ಒಡಕು ದನಿಗೂ ಒಂದು ಬುಡ ಬೇಕು

ರಾಕ್ ಬ್ಯಾಂಡಿನ ನಾಲ್ವರಲ್ಲಿ ಪ್ರೇಕ್ಷಕರ ಕಣ್ಣಿಗೆ ಕಟ್ಟಕಡೆಗೆ ಬೀಳುವವರು ಬೇಸ್ ಗಿಟಾರಿನವರು. ಹಾಡುವವರ ಮುಂದೆ ಮೈಕು, ಲೀಡ್ ಗಿಟಾರಿನವರ ಮೇಲೆ ದೀಪದ ಬೆಳಕು, ಡ್ರಮ್ಸ್‌ನವರಿಗೆ ಎತ್ತರದ ಕಟ್ಟೆ. ಬೇಸ್‌ನವರು ಮಾತ್ರ ಪಕ್ಕದ ಅರೆಗತ್ತಲಲ್ಲಿ ನಾಲ್ಕು ದಪ್ಪ ತಂತಿಗಳ ಮೇಲೆ ಬೆರಳಾಡಿಸುತ್ತ ನಿಂತಿರುತ್ತಾರೆ. ನುಡಿಸುತ್ತಿರುವಷ್ಟು ಹೊತ್ತು ಅವರ ನೆನಪು ಯಾರಿಗೂ ಇರುವುದಿಲ್ಲ. ನಿಲ್ಲಿಸಿದ ಕ್ಷಣ ಹಾಡಿನ ಕಾಲಡಿಯ ನೆಲವೇ ಕುಸಿದಂತಾಗುತ್ತದೆ.

ಇಂಥವರು ತಮ್ಮ ದುಂಡು ದನಿಯನ್ನು ಬೇಕೆಂದೇ ಒಡೆಯುವುದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ಅಂಗೈಯಗಲದ ಲೋಹದ ಡಬ್ಬಿಯೊಂದನ್ನು ಕೊಳ್ಳುತ್ತಾರೆ. ಅದನ್ನು ಕಾಲ ಬಳಿ ಇಟ್ಟುಕೊಂಡು, ಬೇಕಾದಾಗ ಪಾದದಿಂದ ಒತ್ತುತ್ತಾರೆ. ಇದೇ ಡಿಸ್ಟಾರ್ಷನ್ ಪ್ರಿಆಂಪ್ ಪೆಡಲ್. "ಇರುವ ದನಿಯನ್ನು ಕೆಡಿಸಿಕೊಳ್ಳುವುದಕ್ಕೂ ದುಡ್ಡು ಕೊಡಬೇಕೆ?" ಎಂದು ಮನೆಯ ಹಿರಿಯರು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ.

ಆದರೆ ಬೇಸ್ ನುಡಿಸುವವರ ತಲೆನೋವು ಬೇರೆ. ಇಂಥ ಪೆಡಲ್‌ಗಳು ಈಗ ಒಂದೆರಡಲ್ಲ, ಹತ್ತಾರಿವೆ. ಅಂತರ್ಜಾಲದ ವಿಡಿಯೊಗಳಲ್ಲಿ ನೋಡಿದರೆ ಒಂದೊಂದೂ ಸಿಂಹದಂತೆ ಗರ್ಜಿಸುತ್ತದೆ. ಅದನ್ನೇ ಮನೆಗೆ ತಂದು, ಡ್ರಮ್ಸ್ ಮತ್ತು ಎರಡು ಗಿಟಾರುಗಳ ನಡುವೆ ನಿಂತು ನುಡಿಸಿದ ದಿನ ಗರ್ಜನೆ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಒಬ್ಬರೇ ಕೂತು ಕೇಳಿದಾಗ ಚೆನ್ನಾಗಿರುವ ದನಿ ಬೇರೆ, ನಾಲ್ವರ ನಡುವೆ ಉಳಿಯುವ ದನಿ ಬೇರೆ. ಪೆಡಲ್ ಆರಿಸುವ ಕಷ್ಟವೆಲ್ಲ ಈ ಎರಡರ ನಡುವಿನ ಅಂತರದಲ್ಲೇ ಇದೆ.

ಕೆಟ್ಟ ಟ್ರಾನ್ಸ್‌ಫಾರ್ಮರಿನ ಕೊಡುಗೆ

ಒಡಕು ದನಿ ಎಂದರೆ ಲೀಡ್ ಗಿಟಾರಿನವರ ಸ್ವತ್ತು ಎಂದು ಎಲ್ಲರೂ ತಿಳಿದಿದ್ದಾರೆ. ಚರಿತ್ರೆ ಸ್ವಲ್ಪ ಬೇರೆಯೇ ಹೇಳುತ್ತದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಹಳ್ಳಿಹಾಡುಗಳ ಗಾಯಕರ 'ಡೋಂಟ್ ವರಿ' ಮುದ್ರಣವಾಗುತ್ತಿತ್ತು. ನಡುವೆ ಒಂದು ವಾದ್ಯದ ತುಣುಕು ಬರುತ್ತದೆ. ಅದನ್ನು ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ಗಿಟಾರಿನಲ್ಲಿ ನುಡಿಸುತ್ತಿದ್ದರು. ಆ ಹೊತ್ತಿಗೆ ಅವರ ವಾದ್ಯ ಹಾದುಹೋಗುತ್ತಿದ್ದ ಮಿಕ್ಸಿಂಗ್ ಯಂತ್ರದ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಹೊರಬಂದ ದನಿ, ಹರಿದ ತಮಟೆಯೊಳಗೆ ದುಂಬಿ ಸಿಕ್ಕಿಕೊಂಡು ಗುಂಯ್‌ಗುಟ್ಟಿದ ಹಾಗೆ. ತೆಗೆದು ಮತ್ತೆ ನುಡಿಸಬಹುದಿತ್ತು. ತೆಗೆಯಲಿಲ್ಲ. 1961ರಲ್ಲಿ ಹಾಡು ಹೊರಬಂದು ಜನಪ್ರಿಯವಾಯಿತು. ಆ ದನಿ ನಮಗೂ ಬೇಕು ಎಂದು ಬೇರೆ ಕಲಾವಿದರು ಕೇಳತೊಡಗಿದರು.

ಅಷ್ಟರಲ್ಲಿ ಕೆಟ್ಟ ಭಾಗ ಪೂರ್ತಿ ಸತ್ತಿತ್ತು! ಧ್ವನಿಮುದ್ರಣ ಎಂಜಿನಿಯರ್ ಗ್ಲೆನ್ ಸ್ನಾಡಿ, ರೆವಿಸ್ ಹಾಬ್ಸ್ ಎಂಬವರ ಜೊತೆ ಸೇರಿ ಅದೇ ಕೆಟ್ಟ ದನಿಯನ್ನು ಟ್ರಾನ್ಸಿಸ್ಟರ್‌ಗಳಿಂದ ಹೊರಡಿಸುವ ಪುಟ್ಟ ಮಂಡಲವೊಂದನ್ನು ಕಟ್ಟಿದರು. ಗಿಬ್ಸನ್ ಕಂಪೆನಿ ಅದನ್ನು ಪಡೆದು 1962ರಲ್ಲಿ ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಬಂದ ಮೇಲೆ ಅದು ಮನೆಮಾತಾಯಿತು. ಒಡಕು ದನಿಯ ಗಿಟಾರ್ ಅದಕ್ಕೂ ಮುಂಚೆ ಅಲ್ಲಲ್ಲಿ ಕೇಳಿಬಂದಿತ್ತು, ನಿಜ. ಆದರೆ ಪೆಡಲ್ ಆಗಿ ಅಂಗಡಿಗೆ ಬಂದ ಒಡಕಿನ ಮೂಲ ದನಿ ಬೇಸ್ ತಂತಿಯದು.

ಅದೇ 1965ರ ಕೊನೆಯಲ್ಲಿ ಬೀಟಲ್ಸ್ ತಂಡದ 'ರಬ್ಬರ್ ಸೋಲ್' ಬಂತು. ಅದರಲ್ಲಿ ಜಾರ್ಜ್ ಹ್ಯಾರಿಸನ್ ಬರೆದ 'ಥಿಂಕ್ ಫಾರ್ ಯುವರ್‌ಸೆಲ್ಫ್' ಹಾಡನ್ನು ಗಮನವಿಟ್ಟು ಕೇಳಬೇಕು. ಪಾಲ್ ಮೆಕಾರ್ಟ್ನಿ ಅಲ್ಲಿ ನುಡಿಸಿರುವುದು ಒಂದು ಬೇಸ್ ಅಲ್ಲ, ಎರಡು. ಒಂದು ಎಂದಿನ ಶುದ್ಧ ದನಿಯಲ್ಲಿ ಹಾಡನ್ನು ಹೊತ್ತು ನಡೆಯುತ್ತದೆ. ಇನ್ನೊಂದು ಫಜ್ ಪೆಡಲ್ ಮೂಲಕ ಅದರ ಮೇಲೆ ಗುರುಗುಟ್ಟುತ್ತದೆ. ಶುದ್ಧ ದನಿಯನ್ನು ಕೆಳಗೆ ಉಳಿಸಿಕೊಂಡು ಮೇಲಷ್ಟೇ ಒಡೆಯುವ ಈ ಉಪಾಯವನ್ನು ಮುಂದೆ ಪೆಡಲ್ ತಯಾರಕರು ಒಂದು ಡಬ್ಬಿಯೊಳಗೆ ಅಡಗಿಸಲು ಕೆಲವು ದಶಕಗಳೇ ಬೇಕಾದವು.

ತಂಬೂರಿಯಲ್ಲೂ ಉಂಟು

ದನಿ ಒಡೆಯುವುದೆಂದರೇನು? ತಂತಿ ಮಿಡಿದಾಗ ವಿದ್ಯುತ್ತಿನಲ್ಲಿ ಒಂದು ಅಲೆ ಏಳುತ್ತದೆ. ಅದನ್ನು ಯಂತ್ರಕ್ಕೆ ತಾಳಲಾರದಷ್ಟು ಹಿಗ್ಗಿಸಿದರೆ ಅಲೆಯ ನೆತ್ತಿ ಮಾಡಿಗೆ ಬಡಿದು ಚಪ್ಪಟೆಯಾಗುತ್ತದೆ. ಹೀಗೆ ತಲೆ ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಗಳ ಉಪಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ನಯವಾಗಿ ಕತ್ತರಿಸಿದರೆ ಬೆಚ್ಚನೆಯ ಗೊಗ್ಗರು. ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳ ದನಿ ಇಂಥದು. ಒರಟಾಗಿ ಕತ್ತರಿಸಿದರೆ ಗರಗಸ.

ಇದು ನಮ್ಮ ಕಿವಿಗೆ ಪರಕೀಯವೆಂದು ತಿಳಿಯಬೇಕಾಗಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲೆಳೆಯೊಂದನ್ನು ಸೇರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಜೀವಾಳ ಹಿಡಿಯುವುದನ್ನು ಸಂಗೀತದ ಮನೆಗಳಲ್ಲಿ ನೋಡಿದವರಿದ್ದಾರೆ. ನೂಲಿಲ್ಲದಾಗ ಮಂಕಾಗಿದ್ದ ತಂತಿ ನೂಲು ಸರಿಯಾಗಿ ಕೂತೊಡನೆ ಝೇಂಕರಿಸುತ್ತದೆ. ಷಡ್ಜ ಪಂಚಮಗಳಿಗೆ ಮಾತ್ರ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುತ್ತದೆ. ಅದನ್ನೇ ಬಲ್ಲವರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಮೂಲ ಸ್ವರದ ಐದನೇ ಪಟ್ಟಿನ ಉಪಸ್ವರ. ನೂಲೆಳೆಯ ಕೆಲಸ ಬೇರೆ, ಟ್ರಾನ್ಸಿಸ್ಟರಿನ ಕೆಲಸ ಬೇರೆ ಎಂಬುದೇನೋ ಸರಿ. ಉಪಸ್ವರಗಳನ್ನು ಎಬ್ಬಿಸಿ ದನಿಗೆ ಮೈ ತುಂಬುವ ಆಸೆ ಮಾತ್ರ ಒಂದೇ.

ಬೇಸ್ ಗಿಟಾರಿಗೆ ಈ ಉಪಸ್ವರಗಳ ಅಗತ್ಯ ಇನ್ನೂ ಹೆಚ್ಚು. ಅದರ ಅತಿ ದಪ್ಪದ 'ಇ' ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದು ತಂತಿಯ ಬೇಸ್ ಆದರೆ ಕೆಳಗಿನ 'ಬಿ' ತಂತಿ ಸುಮಾರು 31 ಸಲ. ಇಷ್ಟು ತಗ್ಗಿನ ಸ್ವರವನ್ನು ಮೊಬೈಲ್ ಫೋನಿನ ಸ್ಪೀಕರ್ ಹೊರಡಿಸಲಾರದು. ಸಣ್ಣ ಹೋಟೆಲಿನ ಗೋಡೆಗೆ ನೇತುಹಾಕಿದ ಪೆಟ್ಟಿಗೆಯೂ ಹೊರಡಿಸಲಾರದು. ಆದರೂ ನಮಗೆ ಬೇಸ್ ಕೇಳಿದಂತಾಗುತ್ತದಲ್ಲ, ಹೇಗೆ? 82, 123, 164ರ ಉಪಸ್ವರಗಳು ಕಿವಿಗೆ ಬಿದ್ದರೆ ಸಾಕು, ಇಲ್ಲದ 41ನ್ನು ಮಿದುಳು ತಾನೇ ಊಹಿಸಿಕೊಂಡುಬಿಡುತ್ತದೆ. ಆದ್ದರಿಂದ ಹದವಾದ ಒಡಕು ಬೇಸ್ ದನಿಯನ್ನು ಕೆಡಿಸುವುದಿಲ್ಲ. ಅದನ್ನು ಕೇಳಿಸುವಂತೆ ಮಾಡುತ್ತದೆ. ಎರಡು ಗಿಟಾರುಗಳು ಗದ್ದಲವೆಬ್ಬಿಸಿರುವಾಗ ಈ ಮಾತಿನ ಬೆಲೆ ತಿಳಿಯುತ್ತದೆ.

ಬುಡ ಜಾರುವುದು ಹೇಗೆ?

ಹಾಗಾದರೆ ತಮ್ಮನ ಗಿಟಾರ್ ಪೆಡಲ್ಲನ್ನೇ ಎರವಲು ತಂದು ಬೇಸ್‌ಗೆ ಸಿಕ್ಕಿಸಿದರಾಯಿತಲ್ಲ ಎನ್ನಬಹುದು. ಸಿಕ್ಕಿಸಿ ನೋಡಿ, ದನಿ ಖಂಡಿತ ಒಡೆಯುತ್ತದೆ, ಜೊತೆಗೆ ಬುಡವೂ ಹಾರಿಹೋಗುತ್ತದೆ. ಗಿಟಾರಿನ ಪೆಡಲ್‌ಗಳು ತಗ್ಗಿನ ಕಂಪನಗಳನ್ನು ಮೊದಲೇ ಸೋಸಿಬಿಡುವಂತೆ ಕಟ್ಟಿದವು. ಹೆಸರುವಾಸಿಯಾದ ಐಬಾನೆಜ್ ಟ್ಯೂಬ್ ಸ್ಕ್ರೀಮರ್‌ನಲ್ಲಿ ಹಿಗ್ಗಿಸುವ ಹಂತ ಸುಮಾರು 720 ಹರ್ಟ್ಸ್‌ನಿಂದ ಕೆಳಕ್ಕೆ ಇಳಿಯುತ್ತ ಇಳಿಯುತ್ತ ದುರ್ಬಲವಾಗುತ್ತದೆ. ಗಿಟಾರಿಗೆ ಅದು ಒಳ್ಳೆಯದೇ. 41ರಲ್ಲಿ ಬದುಕುವ ಬೇಸ್‌ಗೆ ಅದು ಕತ್ತು ಹಿಸುಕಿದಂತೆ.

ಸೋಸದೆ ಬಿಟ್ಟರೂ ಕಷ್ಟ ತಪ್ಪದು. ತಗ್ಗಿನ ಅಲೆ ದೈತ್ಯ. ಅದು ಮಾಡಿಗೆ ಬಡಿದಾಗ ಅದರ ಬೆನ್ನೇರಿ ಬರುತ್ತಿದ್ದ ಸಣ್ಣ ಅಲೆಗಳೆಲ್ಲ ನುಚ್ಚುನೂರಾಗುತ್ತವೆ. ಬೆರಳು ತಂತಿಗೆ ತಾಗುವ 'ಟಕ್' ಎಂಬ ಸದ್ದು ಮಸುಕಾಗಿ, ಸ್ವರ ಸ್ವರಕ್ಕೆ ಅಂಟಿಕೊಂಡು ರಾಗಿ ಅಂಬಲಿಯಂತಾಗುತ್ತದೆ. ಸೋಸಿದರೆ ಬುಡವಿಲ್ಲ, ಸೋಸದಿದ್ದರೆ ಸ್ಪಷ್ಟತೆಯಿಲ್ಲ.

ಈ ಇಕ್ಕಟ್ಟಿಗೆ ಪೆಡಲ್ ತಯಾರಕರು ಕಂಡುಕೊಂಡ ಮದ್ದು ಮೆಕಾರ್ಟ್ನಿ ಮಾಡಿದ್ದೇ. ಬಂದ ದನಿಯನ್ನು ಒಳಗೆ ಎರಡು ದಾರಿಯಾಗಿ ಒಡೆದು, ಒಂದನ್ನು ಶುದ್ಧವಾಗಿ ಬಿಟ್ಟು, ಇನ್ನೊಂದನ್ನು ಕೆಡಿಸಿ, ಕೊನೆಗೆ ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುವುದು. ಬೆರೆಸುವ ನಾಬ್‌ಗೆ ಬ್ಲೆಂಡ್ ಎಂದು ಹೆಸರು. ಜಪಾನಿನ ಬಾಸ್ ಕಂಪೆನಿಯ ಒಡಿಬಿ-3ರಲ್ಲಿ ಅದಕ್ಕೆ ಬ್ಯಾಲೆನ್ಸ್ ಎನ್ನುತ್ತಾರೆ. ಬೇಸ್‌ಗೆಂದು ಕೊಳ್ಳುವ ಪೆಡಲ್‌ನಲ್ಲಿ ಇದೊಂದು ನಾಬ್ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲದ ಕೆಲವು ಪೆಡಲ್‌ಗಳೂ ಸೊಗಸಾಗಿವೆ, ಆದರೆ ಅವುಗಳನ್ನು ಪಳಗಿಸುವುದು ಅನುಭವಿಗಳ ಕೆಲಸ. ಮೆಟಾಲಿಕಾ ತಂಡದ ಕ್ಲಿಫ್ ಬರ್ಟನ್ 1983ರ ಮೊದಲ ಆಲ್ಬಂನಲ್ಲಿ ಒಂದು ಹಾಡಿಡೀ ಒಡಕು ದನಿಯ ಬೇಸ್ ಒಂದನ್ನೇ ಮುಂದಿಟ್ಟು ನುಡಿಸಿದ್ದಾರೆ. ಅಲ್ಲಿ ಅಡ್ಡಬರಲು ಗಿಟಾರುಗಳಿರಲಿಲ್ಲ ಎಂಬುದನ್ನು ಅವರ ಅಭಿಮಾನಿಗಳು ಮರೆಯಬಾರದು.

ತಂತಿ ಎಲ್ಲಿಗೆ ಹೋಗುತ್ತದೆ?

ಇನ್ನು ಆಯ್ಕೆಯ ಮಾತು. ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ "ಯಾವುದರ ದನಿ ಚೆನ್ನ?" ಎಂದು. ನನ್ನ ಪ್ರಕಾರ ಅದಕ್ಕೆ ಮೊದಲು ಕೇಳಬೇಕಾದ್ದು, ಪೆಡಲ್‌ನಿಂದ ಹೊರಡುವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದು. ನಿಮ್ಮ ಬೆನ್ನ ಹಿಂದೆ ಬೇಸ್ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಪೆಟ್ಟಿಗೆ ಇರುತ್ತದೆಯೇ? ಇಲ್ಲ, ಪೆಡಲ್‌ನಿಂದ ಸೀದಾ ಸೌಂಡಿನವರ ಮಿಕ್ಸರ್‌ಗೆ ಹೋಗುತ್ತದೆಯೇ? ಇವೆರಡರ ಉತ್ತರಕ್ಕೆ ಎರಡು ಬೇರೆ ಬೇರೆ ಪೆಡಲ್‌ಗಳಿವೆ. ಈ ಎರಡನ್ನು ಅರ್ಥ ಮಾಡಿಕೊಂಡರೆ ಉಳಿದವನ್ನು ಅಳೆಯಲು ಒಂದು ಗಜಕಡ್ಡಿ ಸಿಕ್ಕಂತೆ.

ಮೊದಲನೆಯದು ನ್ಯೂಯಾರ್ಕಿನ ಟೆಕ್ 21 ಕಂಪೆನಿಯ ಸಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ. ಆಂಡ್ರ್ಯೂ ಬಾರ್ಟಾ ಅವರ ಸೃಷ್ಟಿ. 1992ರಲ್ಲಿ ಬಂತು. ಸಾನ್ಸ್ ಎಂದರೆ ಫ್ರೆಂಚ್ ಭಾಷೆಯಲ್ಲಿ 'ಇಲ್ಲದೆ' ಎಂದು. ಆಂಪ್ಲಿಫೈಯರ್ ಇಲ್ಲದೆಯೇ ಆಂಪ್ಲಿಫೈಯರಿನ ದನಿ ಎಂಬುದು ಹೆಸರಿನ ಅರ್ಥ. ಅದರ ಮಹತ್ವ ತಿಳಿಯಬೇಕಾದರೆ 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯನ್ನು ನೆನೆಯಬೇಕು: 300 ವಾಟ್ ಶಕ್ತಿ, 14 ವಾಲ್ವ್‌ಗಳು, ಜೊತೆಗೆ 10 ಇಂಚಿನ ಎಂಟು ಸ್ಪೀಕರ್‌ಗಳ, ಬೀರುವಿನಂಥ ಪೆಟ್ಟಿಗೆ. ಅದರ ದನಿಯನ್ನು ಪ್ರೀತಿಸದವರಿಲ್ಲ, ಹೊರಲು ಒಪ್ಪುವವರೂ ಇಲ್ಲ. ಅಂಥ ವಾಲ್ವ್ ಯಂತ್ರದ ಗೊಗ್ಗರನ್ನೂ ಅದರ ಪೆಟ್ಟಿಗೆಯ ಗುಣವನ್ನೂ ಕೋಟಿನ ಜೇಬಿಗೆ ಇಳಿಸಿದ್ದು ಸಾನ್ಸ್‌ಆಂಪ್.

ಪೆಟ್ಟಿಗೆಯ ಗುಣ ಎಂದೆ. ಅದೇ ಇಲ್ಲಿಯ ಗುಟ್ಟು. ವಾದ್ಯಕ್ಕೆಂದು ಮಾಡಿದ ದೊಡ್ಡ ಸ್ಪೀಕರ್‌ಗಳು ಬಹಳ ಎತ್ತರದ ಕಂಪನಗಳನ್ನು ಹೊರಡಿಸುವುದೇ ಇಲ್ಲ. ಒಡೆದ ದನಿಯ ಮೇಲ್ತುದಿಯ ಕರಕರ ಅಲ್ಲೇ ಸೋಸಿಹೋಗುತ್ತದೆ. ಅದೇ ದನಿಯನ್ನು ಸೀದಾ ಸಭಾಂಗಣದ ಧ್ವನಿವರ್ಧಕಕ್ಕೆ ಕೊಟ್ಟರೆ ಅದರ ಕೊಂಬಿನ ಆಕಾರದ ಟ್ವೀಟರ್‌ಗಳು ಆ ಕರಕರವನ್ನೆಲ್ಲ ಹೆಕ್ಕಿ ತೋರಿಸುತ್ತವೆ. ಕಿವಿಗೆ ಸಿಮೆಂಟ್ ಶೀಟಿನ ಮೇಲೆ ಜಲ್ಲಿ ಸುರಿದ ಅನುಭವ. ಸಾನ್ಸ್‌ಆಂಪ್ ಈ ಸೋಸುವ ಕೆಲಸವನ್ನು ಡಬ್ಬಿಯೊಳಗೇ ಮುಗಿಸಿ ಕೊಡುತ್ತದೆ. ಆದ್ದರಿಂದ ಮಿಕ್ಸರ್‌ಗೆ ನೇರ ಸಿಕ್ಕಿಸುವವರಿಗೆ ಅದು ಹೇಳಿ ಮಾಡಿಸಿದ್ದು.

ರಷ್ ತಂಡದ ಗೆಡ್ಡಿ ಲೀ ಈ ದಾರಿಯನ್ನು ಎಷ್ಟು ನಂಬಿದರೆಂದರೆ, ಸಾನ್ಸ್‌ಆಂಪ್‌ನಂಥ ಉಪಕರಣಗಳಿಂದ ದನಿಯನ್ನು ನೇರವಾಗಿ ಧ್ವನಿವರ್ಧಕಕ್ಕೆ ಕಳಿಸಿ, ವೇದಿಕೆಯ ಮೇಲಿನ ಆಂಪ್ಲಿಫೈಯರ್‌ಗಳನ್ನೇ ಎತ್ತಿಬಿಟ್ಟರು. ಖಾಲಿಯಾದ ಜಾಗದಲ್ಲಿ 2002ರ ಪ್ರವಾಸದಲ್ಲಿ ಬಟ್ಟೆ ಒಣಗಿಸುವ ಯಂತ್ರಗಳನ್ನು ನಿಲ್ಲಿಸಿದರು. 2007ರಲ್ಲಿ ಕೋಳಿ ಸುಡುವ ಗಾಜಿನ ಒಲೆಗಳು ಬಂದವು! ಹಿಂದೆ ಕೋಳಿ ತಿರುಗುತ್ತಿತ್ತು, ಮುಂದೆ ಬೇಸ್ ಮೊರೆಯುತ್ತಿತ್ತು.

ಸಾನ್ಸ್‌ಆಂಪ್‌ಗೂ ಒಂದು ಐಬಿದೆ. ಹಳೆಯ ಮಾದರಿಯಲ್ಲಿ ತಗ್ಗು ಮತ್ತು ಎತ್ತರಕ್ಕೆ ನಾಬ್ ಇತ್ತು, ನಡುವಿಗೆ ಇರಲಿಲ್ಲ. ಅದರ ಸಹಜ ದನಿಯೂ ನಡು ತಗ್ಗಿದ್ದು. ಒಬ್ಬರೇ ಕೇಳುವಾಗ ಈ ನಡುವಿಲ್ಲದ ದನಿ ತೆಳ್ಳನೆಯ ಸೊಂಟದ ಸುಂದರಿಯಂತೆ ಮೋಹಕ. ಗಿಟಾರುಗಳು ಕೂಡಿಕೊಂಡಾಗ ನೆರಳಿನಂತೆ ಮಾಯ. ಎರಡನೇ ಆವೃತ್ತಿಯಲ್ಲಿ ಕಂಪೆನಿ ನಡುವಿಗೊಂದು ನಾಬ್ ಸೇರಿಸಿತು. ಅದು ಕೆಲಸ ಮಾಡುವ ಜಾಗವನ್ನು 500 ಅಥವಾ 1000 ಹರ್ಟ್ಸ್‌ಗೆ ಬದಲಿಸುವ ಗುಂಡಿಯನ್ನೂ ಕೊಟ್ಟಿತು. ಹಳೆಯದು ಅಗ್ಗಕ್ಕೆ ಸಿಕ್ಕಿದರೂ ಹೊಸದಕ್ಕೆ ಒಂದಿಷ್ಟು ಹೆಚ್ಚು ಕೊಡುವುದು ಲೇಸು ಎಂದು ನಾನು ಹೇಳುವುದು ಈ ಒಂದು ನಾಬ್‌ಗಾಗಿ.

ಎರಡನೆಯದು ಫಿನ್ಲೆಂಡಿನ ಹೆಲ್ಸಿಂಕಿಯಿಂದ ಬಂದ ಡಾರ್ಕ್‌ಗ್ಲಾಸ್ ಮೈಕ್ರೊಟ್ಯೂಬ್ಸ್ ಬಿ7ಕೆ. 2009ರಲ್ಲಿ ಈ ಕಂಪೆನಿಯನ್ನು ಹುಟ್ಟುಹಾಕಿದ ಡಗ್ಲಸ್ ಕಾಸ್ಟ್ರೊ ಮೂಲತಃ ಚಿಲಿ ದೇಶದವರು. ಸಾನ್ಸ್‌ಆಂಪ್ ಹಳೆಯದೊಂದನ್ನು ನೆನಪಿಸುವ ಪೆಡಲ್ ಆದರೆ, ಇದಕ್ಕೆ ಅಂಥ ನೆನಪುಗಳ ಹಂಗಿಲ್ಲ. ಏಳು ಎಂಟು ತಂತಿಯ ಗಿಟಾರುಗಳನ್ನು ತೀರ ತಗ್ಗಿಗೆ ಶ್ರುತಿ ಮಾಡಿ, ಗಡಿಯಾರದಷ್ಟು ಖಚಿತವಾಗಿ ಕುಟ್ಟುವ ಹೊಸ ಕಾಲದ ಮೆಟಲ್ ಸಂಗೀತಕ್ಕೆ ಇದು ಸಲ್ಲುತ್ತದೆ. ಪೆರಿಫೆರಿ ತಂಡದಲ್ಲಿದ್ದ ಆಡಂ ಗೆಟ್‌ಗುಡ್ ಅವರ ಕೈಯಲ್ಲಿ ಈ ದನಿ ಜಗತ್ತಿಗೆ ಪರಿಚಯವಾಯಿತೆನ್ನಬಹುದು. ಬೇಸ್ ತಂತಿ ಲೋಹಕ್ಕೆ ಬಡಿದ ಕಣಕಣ ಸದ್ದು ಎದುರಿಗೆ, ಬುಡದಲ್ಲಿ ಬಿಗಿಯಾದ ಗುದ್ದು.

ಇದರ ಎರಡು ಪುಟ್ಟ ಗುಂಡಿಗಳಲ್ಲಿ ಬುದ್ಧಿವಂತಿಕೆಯಿದೆ. ಗ್ರಂಟ್ ಎಂಬುದು ದನಿ ಒಡೆಯುವ ಮೊದಲು ಅದರೊಳಗೆ ಎಷ್ಟು ತಗ್ಗನ್ನು ಬಿಡಬೇಕೆಂದು ನಿರ್ಧರಿಸುತ್ತದೆ. ಅಟ್ಯಾಕ್ ಎಂಬುದು ಎಷ್ಟು ಎತ್ತರವನ್ನು ಎಂದು. ಆ ದೈತ್ಯ ಅಲೆಯನ್ನು ಹೊರಗೇ ನಿಲ್ಲಿಸಿ, ಮೇಲಿನದನ್ನು ಚೂಪಾಗಿ ಒಡೆದು, ಕಡೆಗೆ ಬ್ಲೆಂಡ್ ನಾಬ್‌ನಿಂದ ಶುದ್ಧ ಬುಡವನ್ನು ಸೇರಿಸಿಕೊಳ್ಳಬಹುದು. ಇದೇ ಕಂಪೆನಿಯ ಎಕ್ಸ್ ಸರಣಿಯ ಪೆಡಲ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಗ್ಗು ಎತ್ತರಗಳನ್ನು ಬೇರೆ ಬೇರೆ ಮಾಡಿ ಎತ್ತರವನ್ನಷ್ಟೇ ಒಡೆಯುತ್ತವೆ. ತಗ್ಗನ್ನು ಒಡೆಯದೆ, ಏರಿಳಿತ ತಗ್ಗಿಸಿ ಸಮ ಮಾಡಿ ಕೊಡುತ್ತವೆ.

ಬಿ7ಕೆಯ ತೊಡಕಿರುವುದು ತಂತಿ ಹೋಗುವ ಜಾಗದಲ್ಲೇ. ಮೂಲ ಬಿ7ಕೆಯಲ್ಲಿ ಸ್ಪೀಕರ್ ಪೆಟ್ಟಿಗೆಯ ಅನುಕರಣೆ ಇಲ್ಲ. ಹಿಂದೆ ಒಳ್ಳೆಯ ಪೆಟ್ಟಿಗೆಯಿದ್ದರೆ ಅದ್ಭುತ. ಸೀದಾ ಮಿಕ್ಸರ್‌ಗೆ ಕೊಟ್ಟರೆ ಜಲ್ಲಿ ಸುರಿಯುತ್ತದೆ. ಅದರ ಅಲ್ಟ್ರಾ ಮಾದರಿಯ ಎರಡನೇ ಆವೃತ್ತಿಯಲ್ಲಿ ಪೆಟ್ಟಿಗೆಯ ಅನುಕರಣೆಯನ್ನು ಸೇರಿಸಿದರು, ಕಂಪ್ಯೂಟರಿನಿಂದ ಬೇಕಾದ ಪೆಟ್ಟಿಗೆಯನ್ನು ತುಂಬಿಸಿಕೊಳ್ಳಲೂಬಹುದು. ಹೆಸರು ಒಂದೇ ಎಂದು ಯಾವುದೋ ಆವೃತ್ತಿಯನ್ನು ಕೊಂಡುಬಿಟ್ಟರೆ ಈ ವ್ಯತ್ಯಾಸ ಕಾರ್ಯಕ್ರಮದ ದಿನವೇ ತಿಳಿಯುವುದು. ಸಾನ್ಸ್‌ಆಂಪ್‌ನವರಿಗೆ ಇದರ ತದ್ವಿರುದ್ಧ ಕಷ್ಟ. ಅದನ್ನು ನಿಜವಾದ ಆಂಪ್ಲಿಫೈಯರ್ ಮತ್ತು ಪೆಟ್ಟಿಗೆಗೆ ಕೊಟ್ಟರೆ ಸೋಸಿದ್ದನ್ನೇ ಮತ್ತೆ ಸೋಸಿ ದನಿಗೆ ಕಂಬಳಿ ಹೊದಿಸಿದಂತಾಗಬಹುದು. ಬ್ಲೆಂಡ್ ತಗ್ಗಿಸಿ ಹದ ಹುಡುಕಬೇಕು.

ಇವೆರಡರ ಆಚೆಗೂ ಪೆಡಲ್‌ಗಳುಂಟು. ಎಂಎಕ್ಸ್‌ಆರ್ ಎಂ80 ಗಟ್ಟಿಮುಟ್ಟಾದದ್ದು. ಒಡಕು ದನಿಯ ಭಾಗಕ್ಕೆ ಅದರದೇ ಬ್ಲೆಂಡ್, ಜೊತೆಗೆ ನುಡಿಸದಿದ್ದಾಗ ಬರುವ ಹಿಸ್ಸೆಂಬ ಸದ್ದನ್ನು ತಡೆಯುವ ಗೇಟ್ ಇದೆ. ಅದರ ಒಡಕು ಸ್ವಲ್ಪ ಒರಟು. ಬಾಸ್ ಒಡಿಬಿ-3 1994ರಿಂದ ಹೆಸರು ಮಾಡಿದ್ದು. ಅದರ ಚೂಪು ದನಿಯನ್ನು ಮೆಚ್ಚುವವರು ಅಪಾರ, ನನ್ನ ಕಿವಿಗೆ ಅದು ಮೂಗಿನಿಂದ ಮಾತಾಡಿದಂತೆ. ಇಲೆಕ್ಟ್ರೊ ಹಾರ್ಮೊನಿಕ್ಸ್‌ನ ಬೇಸ್ ಬಿಗ್ ಮಫ್ ಫಜ್ ಜಾತಿಯದು, ಶುದ್ಧ ದನಿ ಸೇರಿಸುವ ಗುಂಡಿ ಇದೆ, ಆದರೆ ಅದು ಪ್ರಿಆಂಪ್ ಅಲ್ಲ. ಬೆರಿಂಗರ್ ಬಿಡಿಐ21 ಸಾನ್ಸ್‌ಆಂಪ್‌ನ ಬಡ ದಾಯಾದಿ. ಅವೇ ಆರು ನಾಬ್‌ಗಳು, ಮೈ ಮಾತ್ರ ಪ್ಲಾಸ್ಟಿಕ್. ಕಾಲೇಜು ಹುಡುಗರು ಶುರುಮಾಡಲು ಅದಕ್ಕಿಂತ ಒಳ್ಳೆಯದು ಆ ಬೆಲೆಗೆ ಸಿಗುವುದು ಕಷ್ಟ. ಕಾಲಿಟ್ಟು ತುಳಿಯುವಾಗ ಮಾತ್ರ ಸ್ವಲ್ಪ ಕರುಣೆ ಇರಲಿ.

ಪೆಡಲ್ಲೇ ಬೇಡ ಎನ್ನುವ ಪಕ್ಷವೂ ಉಂಟು, ಅವರ ವಾದವನ್ನು ತಳ್ಳಿಹಾಕುವಂತಿಲ್ಲ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಅವರನ್ನು ಕೇಳಿದವರಿಗೆ ಗೊತ್ತು. ಚಪ್ಪಟೆ ಸುತ್ತಿನ ತಂತಿ, ಬಲಗೈಯ ಎರಡು ಬೆರಳು, ಕುದುರೆಯ ನಾಗಾಲೋಟ. ಅವರ ಬೇಸ್ ಮುಂದೆ ಬಂದು ನಿಲ್ಲಲು ಒಡಕು ದನಿಯ ಪೆಡಲ್ಲನ್ನು ಕಾಯುವುದಿಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಚಿತ್ರಗೀತೆಗಳಿಗೆ ಬೇಸ್ ನುಡಿಸುವವರಿಗೂ ಇದರ ಹಂಗಿಲ್ಲ. ಅಲ್ಲಿ ಗೊಗ್ಗರು ದನಿ ತೆಗೆದರೆ ಗಾಯಕರು ತಿರುಗಿ ನೋಡಿಯಾರು.

ಅಂಗಡಿಯಲ್ಲಿ ಕಿವಿ ಮೋಸ ಹೋಗುವ ಬಗೆ

ಅಂಗಡಿಗೆ ಹೋಗುವಾಗ ನಿಮ್ಮ ಬೇಸ್ ಗಿಟಾರನ್ನೇ ಹೊತ್ತೊಯ್ಯಿರಿ. ಅಂಗಡಿಯ ಗೋಡೆಯಿಂದ ಇಳಿಸಿ ಕೊಟ್ಟ ಬೇರೆ ವಾದ್ಯದಲ್ಲಿ ಕೇಳಿದ್ದು ನಿಮ್ಮ ದನಿಯಲ್ಲ. ಪೆಡಲ್ ಒತ್ತಿದಾಗಲೂ ಬಿಟ್ಟಾಗಲೂ ಸದ್ದಿನ ಜೋರು ಒಂದೇ ಇರುವಂತೆ ಲೆವೆಲ್ ನಾಬ್ ಹೊಂದಿಸಿಕೊಳ್ಳಿ. ಜೋರಾಗಿ ಕೇಳಿದ್ದು ಚೆನ್ನಾಗಿ ಕೇಳಿದಂತೆ ತೋರುವುದು ಮನುಷ್ಯನ ಕಿವಿಯ ದೌರ್ಬಲ್ಯ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಕಿವಿಗೆ ಇನ್ನೊಂದು ದೌರ್ಬಲ್ಯವಿದೆ. 1933ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅದನ್ನು ಅಳೆದು ತೋರಿಸಿದರು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿ ತಗ್ಗಿನ ಸ್ವರಗಳಿಗೆ ಅರೆಕಿವುಡು. ಸದ್ದು ಏರಿದಂತೆಲ್ಲ ಅವು ಚೆನ್ನಾಗಿ ಕೇಳತೊಡಗುತ್ತವೆ. ಮನೆಯವರು ಮಲಗಿದ ಮೇಲೆ ಸಣ್ಣ ಸದ್ದಿನಲ್ಲಿ ಕೂತು ತಗ್ಗನ್ನು ಏರಿಸಿ, ಎತ್ತರವನ್ನೂ ಏರಿಸಿ, ನಡುವನ್ನು ಇಳಿಸಿ ಹದ ಮಾಡಿದ ದನಿ ವೇದಿಕೆಯ ಮೇಲೆ ಗುಡುಗುಟ್ಟುವ ಕೆಸರಾಗುವುದು ಈ ಕಾರಣಕ್ಕೆ. ಡ್ರಮ್ಸ್‌ನ ಕಾಲ್ಡೋಲು ಕೆಳಗಿನ ಜಾಗವನ್ನೆಲ್ಲ ಹಿಡಿದಿರುತ್ತದೆ. ಮೇಲೆ ಗಿಟಾರುಗಳು ಮತ್ತು ತಾಳಗಳು. ಬೇಸ್‌ಗೆ ಉಸಿರಾಡಲು ಉಳಿಯುವ ಕಿಂಡಿ ನಡುವಿನಲ್ಲೇ, ಸುಮಾರು 500ರಿಂದ 1000 ಹರ್ಟ್ಸ್‌ನ ಆಸುಪಾಸಿನಲ್ಲಿ. ಒಬ್ಬರೇ ಕೇಳುವಾಗ ಆ ಜಾಗದ ದನಿ ಕುರೂಪಿಯಾಗಿಯೇ ಕೇಳುತ್ತದೆ. ಬೇಸ್ ನುಡಿಸುವವರು ಆ ಕುರೂಪವನ್ನು ಪ್ರೀತಿಸಲು ಕಲಿಯಬೇಕು.

ಹಾಗಾಗಿ ಅಂಗಡಿಯವರು ಪರಿಚಿತರಾಗಿದ್ದರೆ, ಹಣ ಇಟ್ಟು ಒಂದು ದಿನದ ಮಟ್ಟಿಗೆ ಪೆಡಲ್ಲನ್ನು ಅಭ್ಯಾಸಕ್ಕೆ ಒಯ್ಯಲು ಕೇಳಿ. ಬ್ಯಾಂಡು ಪೂರ್ತಿ ನುಡಿಸುತ್ತಿರುವಾಗ ಪೆಡಲ್ ಒತ್ತಿ. ಬೇಸ್ ಮುಂದೆ ಬಂದರೆ ಸರಿ. ಡ್ರಮ್ಸ್‌ನವರು "ಏನಾಯ್ತೋ, ನಿಲ್ಲಿಸಿದ್ಯಾ?" ಎಂದು ಕೇಳಿದರೆ ಬುಡ ಜಾರಿದೆಯೆಂದೇ ಅರ್ಥ. ಬ್ಲೆಂಡ್ ಇಳಿಸಿ, ಒಡಕನ್ನು ಕಡಿಮೆ ಮಾಡಿ ಮತ್ತೆ ನೋಡಿ. ಮನೆಯಲ್ಲಿ ಇಟ್ಟುಕೊಂಡಿದ್ದರ ಅರ್ಧದಷ್ಟು ಒಡಕು ಬ್ಯಾಂಡಿನಲ್ಲಿ ಸಾಕಾಗುತ್ತದೆ, ಏಕೆಂದರೆ ಉಳಿದರ್ಧವನ್ನು ಗಿಟಾರುಗಳೇ ತುಂಬಿಕೊಟ್ಟಿರುತ್ತವೆ.

ಸೌಂಡಿನವರ ಜೊತೆ ಎರಡು ಮಾತು

ನಮ್ಮ ಊರುಗಳ ಕಾಲೇಜು ಉತ್ಸವಗಳಲ್ಲೂ ಪಬ್‌ಗಳಲ್ಲೂ ಬೇಸ್‌ಗೆ ಒಳ್ಳೆಯ ಆಂಪ್ಲಿಫೈಯರ್ ಸಿಗುವುದು ಅದೃಷ್ಟ. ಹೆಚ್ಚಿನ ಸಲ ಬಾಡಿಗೆಯ ಧ್ವನಿವರ್ಧಕವೇ ಗತಿ. ಅಲ್ಲಿ ಈ ಪೆಡಲ್‌ಗಳ ಮೂರನೆಯ ಗುಣ ಕೆಲಸಕ್ಕೆ ಬರುತ್ತದೆ. ಡಿಐ ಎಂದು ಬರೆದಿರುವ ಮೂರು ಪಿನ್ನಿನ ಕಿಂಡಿಯಿಂದ ದನಿ ಎರಡು ತಂತಿಗಳಲ್ಲಿ ತಲೆಕೆಳಗಾದ ಜೋಡಿಯಾಗಿ ಹೊರಡುತ್ತದೆ. ದಾರಿಯಲ್ಲಿ ಅಂಟಿಕೊಂಡ ಗುಂಯ್‌ಕಾರ ಮಿಕ್ಸರ್ ತಲುಪಿದಾಗ ಒಂದಕ್ಕೊಂದು ಹೊಡೆದುಹೋಗುತ್ತದೆ. ಎಷ್ಟು ಉದ್ದದ ಕೇಬಲ್ ಎಳೆದರೂ ಚಿಂತೆಯಿಲ್ಲ.

ಇಲ್ಲೊಂದು ಎಚ್ಚರಿಕೆ. ಸೌಂಡಿನವರ ಬಳಿ ಅವರದೇ ಡಿಐ ಡಬ್ಬಿ ಇರುತ್ತದೆ. ಅವಸರದಲ್ಲಿ ಅವರು ಅದನ್ನು ಬೇಸ್ ಗಿಟಾರಿಗೂ ಪೆಡಲ್‌ಗೂ ನಡುವೆ ಸಿಕ್ಕಿಸಿಬಿಡುವುದುಂಟು. ವೇದಿಕೆಯ ಮೇಲೆ ನಿಮಗೆ ಗರ್ಜನೆ ಕೇಳುತ್ತಿರುತ್ತದೆ, ಸಭಿಕರಿಗೆ ಹೋಗುತ್ತಿರುವುದು ಹಾಲಿನಂಥ ಶುದ್ಧ ದನಿ! ತಂತಿ ಪೆಡಲ್‌ನಿಂದಲೇ ಹೋಗಲಿ ಎಂದು ಸೌಂಡ್ ಚೆಕ್ ವೇಳೆಗೆ ವಿನಯದಿಂದ ಹೇಳಿ. "ಅಣ್ಣಾ, ಪೆಡಲ್ ಒತ್ತಿದಾಗ ಅಲ್ಲಿ ಬದಲಾಗುತ್ತಾ ನೋಡಿ" ಎಂದು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಒತ್ತಿದಾಗ ಸದ್ದು ಏಕಾಏಕಿ ದುಪ್ಪಟ್ಟಾದರೆ ಅವರು ನಿಮ್ಮ ದನಿಯನ್ನು ಇಳಿಸುತ್ತಾರೆ, ಆಮೇಲೆ ಏರಿಸುವುದಿಲ್ಲ.

ಗುಂಯ್ ಎಂಬ ಸದ್ದು ಬಂದರೆ ಪೆಡಲ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ವೇದಿಕೆಗೂ ಮಿಕ್ಸರ್‌ಗೂ ಬೇರೆ ಬೇರೆ ಕಡೆಯಿಂದ ಕರೆಂಟ್ ಎಳೆದಿದ್ದರೆ ನೆಲದ ತಂತಿ ಸುತ್ತುಹಾಕಿ ಈ ಸದ್ದು ಏಳುತ್ತದೆ. ಪೆಡಲ್‌ನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಪುಟ್ಟ ಗುಂಡಿಯಿದ್ದರೆ ಒತ್ತಿ ನೋಡಿ. ಪೆಡಲ್‌ನ ಆ ಗುಂಡಿಯನ್ನು ಮಾತ್ರ. ಆಂಪ್ಲಿಫೈಯರಿನ ಪ್ಲಗ್ಗಿನಿಂದ ಅರ್ಥ್ ಪಿನ್ನನ್ನು ಕಿತ್ತು ಸಿಕ್ಕಿಸುವ ಚಾಳಿ ನಮ್ಮಲ್ಲಿ ಕೆಲವರಿಗಿದೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವವರಿಗಂತೂ ಖಂಡಿತ.

ಕೊಳ್ಳುವ ಮೊದಲು ಕರೆಂಟಿನ ಲೆಕ್ಕವೂ ಆಗಲಿ. ಸಾನ್ಸ್‌ಆಂಪ್ ಮತ್ತು ಎಂ80, 9 ವೋಲ್ಟ್ ಬ್ಯಾಟರಿಯಿಂದಲೂ ನಡೆಯುತ್ತವೆ, ಮಿಕ್ಸರ್‌ನಿಂದ ಬರುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತಿನಿಂದಲೂ ನಡೆಯುತ್ತವೆ. ಬಿ7ಕೆಗೆ ಅಡಾಪ್ಟರ್ ಬೇಕೇಬೇಕು. ಅದರ ಪಿನ್ನಿನ ನಡುಭಾಗ ಋಣ ಇರಬೇಕು. ಮನೆಯಲ್ಲಿ ಬಿದ್ದಿರುವ ಯಾವುದೋ ಆಟಿಕೆಯ ಅಡಾಪ್ಟರಿನಲ್ಲಿ ಅದು ಧನವೂ ಇರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದೊಂದು ನಾಬ್ಬನ್ನೂ ಈ ತುದಿಯಿಂದ ಆ ತುದಿಗೆ ತಿರುಗಿಸಿ ಕರಕರ ಎನ್ನುತ್ತದೆಯೇ ಕೇಳಬೇಕು, ಮೂರು ಪಿನ್ನಿನ ಕಿಂಡಿಗೆ ಕೇಬಲ್ ಹಾಕಿ ಅಲ್ಲಾಡಿಸಿ ನೋಡಬೇಕು. ಬ್ಯಾಟರಿಯ ಮುಚ್ಚಳ ತೆಗೆದಾಗ ಒಳಗೆ ಹಸಿರು ಪಾಚಿ ಕಂಡರೆ ಬೆಲೆ ಇಳಿಸಲು ಅದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.